ತಾಯತದ ಗುರುತು, ಗುಂಡಿನ ಗುರುತು

ಮೊಮ್ಮಕ್ಕಳೇ, ಹರಿಣಿ, ಗುಹನ್, ನಮ್ಮ ದೊಡ್ಡಜ್ಜ ಎಲ್ಲಿ ಎಂದು ಹೋದ ರಜೆಯಲ್ಲಿ ನೀವು ಕೇಳಿದ್ದಿರಿ. ನಾನು ದೋಸೆ ಮಗುಚುವ ನೆಪದಲ್ಲಿ ಒಳಗೆ ಹೋಗಿಬಿಟ್ಟೆ. (ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ. ತಾಳವಾಡಿ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡ ಕೈಯಲ್ಲಿದೆ, ಬರೆಯಬಲ್ಲೆ ಅಷ್ಟೆ.) ಈ ವಾರ ಉತ್ತರ ಬರೆಯಲೇಬೇಕಾಗಿದೆ.

ನನ್ನ ತಮ್ಮನ ಮಗ ಪ್ರಭು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾನಲ್ಲ? ಮಕ್ಕಳ ಬಟ್ಟೆಯಲ್ಲಿ ಮುರಿದ ಸೂಜಿ ಉಳಿದಿದೆಯೇ ಎಂದು ಮೆಷಿನ್ ಹಿಡಿದು ನೋಡುವುದು ಅವನ ಕೆಲಸ. ಅದೇ ಹುಚ್ಚು ಹತ್ತಿ, ಮಣ್ಣಿನಲ್ಲಿ ಲೋಹ ಹುಡುಕುವ ಮೆಷಿನ್ನನ್ನೂ ಆನ್‌ಲೈನಿನಲ್ಲಿ ತರಿಸಿಕೊಂಡ. ಬೇಸಿಗೆಯಲ್ಲಿ ಭವಾನಿ ಹೊಳೆಯ ನೀರು ಹಿಂದೆ ಸರಿದರೆ ಸಾಕು, ಭಾನುವಾರ ನಮ್ಮ ಸಿರುಮುಗೈಗೆ ಬಂದು ದಂಡೆಯುದ್ದಕ್ಕೂ ಅದನ್ನು ಹಿಡಿದು ತಿರುಗುತ್ತಾನೆ. ಲಾಳ, ಮೊಳೆ, ತೂತಿನ ಕಾಸು. ಸಿಕ್ಕಿದ್ದರ ಫೋಟೋ ತೆಗೆದು ಫೋನಿನ ಗ್ರೂಪಿಗೆ ಹಾಕುತ್ತಾನೆ. ಅದು ಏನು, ಯಾವ ಕಾಲದ್ದು ಎಂದು ಅಲ್ಲಿ ಬಲ್ಲವರು ಹೇಳುತ್ತಾರೆ.

ಹೋದ ಭಾನುವಾರ ಅವನ ಮುಖ ಸರಿಯಿರಲಿಲ್ಲ.

"ಅತ್ತೆ, ಇದ ಸೊಲ್ಪ ನೋಡಿ," ಎಂದು ಕರ್ಚೀಫು ಬಿಚ್ಚಿದ. ಒಂದು ಸೀಸದ ಗುಂಡು. ಒಂದು ಬೆಳ್ಳಿ ತಾಯತ. "ಎರಡೂ ಒಂದೇ ಕಡೆ ಇದ್ವು. ಗೇಣು ದೂರ ಇಲ್ಲ."

ಗುಂಡಿನ ಗುರುತನ್ನು ಗ್ರೂಪಿನವರು ಆಗಲೇ ಹೇಳಿಯಾಗಿತ್ತು. ಮೇಲೆ ತಾಮ್ರದ ಹೊದಿಕೆಯಿಲ್ಲ. ಎರಕದ ಗೆರೆ ಇನ್ನೂ ಕಾಣುತ್ತದೆ. ಯಾರೋ ಮನೆಯಲ್ಲೇ ಸೀಸ ಕರಗಿಸಿ ನಾಡಬಂದೂಕಿಗೆ ಮಾಡಿಕೊಂಡದ್ದು. ಒಂದು ಮಗ್ಗುಲು ಚಪ್ಪಟೆ, ಅಂದರೆ ಗಟ್ಟಿಯಾದದ್ದಕ್ಕೆ ಬಡಿದಿದೆ.

"ಏನಕ್ಕೆ ಬಡಿದಿರಬೋದು?" ಎಂದೆ.

"ಕಲ್ಲಿರಬೋದು." ಪ್ರಭು ನನ್ನ ಮುಖ ನೋಡಲಿಲ್ಲ. "ಎಲುಬೂ ಇರಬೋದಂತೆ."

ತಾಯತವನ್ನು ನಾನು ಕೈಗೆ ತೆಗೆದುಕೊಳ್ಳಲಿಲ್ಲ. ಕಂಡಿದ್ದೇ ಸಾಕಾಯಿತು. ಎಲ್ಲರೂ ಸೊಂಟಕ್ಕೆ ಕಪ್ಪು ದಾರದಲ್ಲಿ ತಾಯತ ಕಟ್ಟಿಕೊಂಡರೆ, ಇದರ ಕೊಂಡಿಯಲ್ಲಿ ಸೀರೆಯ ಜರಿ ಇತ್ತು. ಎಳೆಗಳನ್ನು ಸೇರಿಸಿ ಹೊಸೆದು, ಮಗ್ಗದಲ್ಲಿ ಹರಿದ ನೂಲಿಗೆ ನಾವು ಹಾಕುವ ಗಂಟನ್ನೇ ಹಾಕಿದ್ದು. ನನ್ನ ಓರಗಿತ್ತಿ, ಅಂದರೆ ನಿಮ್ಮ ದೊಡ್ಡಜ್ಜಿ ಚೌಡಕ್ಕ, ಉಳಿದ ಜರಿಯಲ್ಲಿ ಅದನ್ನು ಹೊಸೆಯುವಾಗ ನಾನು ಪಕ್ಕದಲ್ಲೇ ಇದ್ದೆ. "ಏನಕ್ಕ, ಭಾವನ ಸೊಂಟಕ್ಕೂ ಬಾರ್ಡರಾ?" ಎಂದು ನಕ್ಕಿದ್ದೆ.

ಭಾವ, ಅಂದರೆ ನಿಮ್ಮ ದೊಡ್ಡಜ್ಜ, ಮಗ್ಗಕ್ಕೆ ಬಿದಿರು ತರುತ್ತೇನೆಂದು ಹೊಳೆಯ ಕಡೆ ಹೋದವರು ಮರಳಲಿಲ್ಲ. ನಿಮ್ಮಪ್ಪ ಆಗ ತೊಟ್ಟಿಲ ಕೂಸು. ಸಿಕ್ಕಿದ್ದು ಟವೆಲ್ಲು ಮಾತ್ರ. ದಂಡೆಯಲ್ಲಿ ಆನೆಯ ಹೆಜ್ಜೆ ಇತ್ತು. ಆನೆ ಎಂದರು, ಮುಗಿಯಿತು. ಆದರೆ ಹೆಣವಿಲ್ಲದೆ ಕಾರ್ಯ ಮಾಡುವುದು ಹೇಗೆ? ಗುರುತು ಸಿಗುವ ತನಕ ನಮ್ಮ ಮನೆಗಳಲ್ಲಿ ತಾಳಿ ತೆಗೆಸುವುದಿಲ್ಲ. ಅಕ್ಕ ತಾಳಿ, ಕುಂಕುಮ, ಹೂವಿನಲ್ಲೇ ಉಳಿದಳು.

ಈಗ ಗುರುತು ಸಿಕ್ಕಿತ್ತು. ತಾಳಿ ತೆಗೆಸುವ ದಿನ ಏನೇನು ಮಾಡುತ್ತಾರೆ ಎಂಬುದು ನಿಮ್ಮ ತಾತ ಹೋದಾಗ ನನಗೆ ತಿಳಿಯಿತು. ಅದನ್ನು ಬರೆಯಲಾರೆ.

ಊರಲ್ಲಿ ಸುದ್ದಿ ನಿಲ್ಲುತ್ತದೆಯೇ? ಸಂಜೆಯ ಹೊತ್ತಿಗೆ ಹಿರಿಯರು ನಮ್ಮ ಜಗಲಿ ತುಂಬಿದರು.

"ಗುರುತು ಹೇಳಿಬಿಡಮ್ಮ," ಎಂದರು ಅವರಲ್ಲಿ ದೊಡ್ಡವರು, ಅಕ್ಕನಿಗೆ. "ಕಾರ್ಯ ಮುಗಿಸಿಬಿಡಾಣ. ಈ ವಯಸ್ಸಲ್ಲಿ ಹೂವು ಏತಕ್ಕೆ ನಿನಗೆ?"

"ಪೊಲೀಸಿಗೆ ಹೇಳಾಣ್ವಾ ಮಾಮ?" ಎಂದ ಪ್ರಭು.

"ಏತಕ್ಕಪ್ಪ ಆ ವಂಬು, ತಂಟೆ? ಯಾವ ಕಾಲದ್ದೋ! ಯಾರನ್ನ ಕೋರ್ಟಿಗೆ ಎಳೀತೀಯ?" ಇದಕ್ಕೆ ಮಾತ್ರ ಎಲ್ಲರದೂ ಒಂದೇ ದನಿ.

ಅಕ್ಕ ತಾಯತ ಎತ್ತಿಕೊಂಡು ಗಂಟನ್ನು ಉಗುರಿನಿಂದ ತಡವಿದಳು. ಅವರದಲ್ಲ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಅಲ್ಲ ಎಂದರೆ ಯಾರು ಕೇಳುವವರು?

"ಅವರ್ದೇ," ಎಂದಳು. "ನಾನೇ ಹೊಸ್ದಿದ್ದು."

"ಸೆರಿ, ನಾಳೆಗೇ ಅಯ್ಯನೋರಿಗೆ ಹೇಳಿ ಕಳಿಸಾಣ," ಎಂದು ದೊಡ್ಡವರು ಏಳಲು ಹೊರಟರು.

"ಇರಿ ಮಾಮ." ಅಕ್ಕ ಇನ್ನೊಂದು ಕೈಯಲ್ಲಿ ಗುಂಡು ಹಿಡಿದಳು. "ತಾಯತ ಯಾರ್ದು ಅಂತ ನಾನು ಹೇಳ್ದೆ. ಇದು ಯಾರ್ದು ಅಂತ ನೀವು ಯಾರಾದ್ರೂ ಹೇಳಿ. ಹೇಳಿದ ದಿನ ನನ್ನ ಕೈಯಾರೆ ತಾಳಿ ಬಿಚ್ಚಿಡ್ತೀನಿ. ಬಳೆ ಒಡೆಯಾಕೆ ನೀವು ಬರೋದೂ ಬೇಡ."

ಆ ಕಾಲಕ್ಕೆ ನಮ್ಮೂರಲ್ಲಿ ಹಂದಿ ಬೇಟೆಗೆಂದು ನಾಡಬಂದೂಕು ಇದ್ದದ್ದು ಎರಡೇ ಮನೆಗಳಲ್ಲಿ. ಎರಡೂ ಮನೆಯವರು ಜಗಲಿಯಲ್ಲಿ ಕೂತಿದ್ದರು. ಒಬ್ಬರಿಗೆ ಬಸ್ಸಿನ ನೆನಪಾಯಿತು. ಒಬ್ಬರಿಗೆ ಶುಗರ್ ಮಾತ್ರೆಯ ನೆನಪಾಯಿತು. ನಾನು ಕಾಫಿ ತರುವಷ್ಟರಲ್ಲಿ ಜಗಲಿ ಖಾಲಿ.

ಗುಂಡು, ತಾಯತ ಎರಡೂ ಅಕ್ಕನ ಬಳಿಯೇ ಇವೆ. ತಾಳಿಯೂ ಇದೆ. ನಲ್ಲಿಯ ಹತ್ತಿರ ಈಗ ಒಂದೇ ಮಾತು: "ಗಂಡ ಸತ್ತದ್ದು ಗೊತ್ತಿದ್ದೂ ಕುಂಕುಮ ಇಡ್ತಾಳಲ್ಲ, ನಾಚಿಕೆ ಬೇಡ್ವಾ?" ಹೆಂಗಸಿನ ಹಣೆಯ ಮೇಲೆ ಏನಿದೆ, ಏನಿರಬಾರದು ಎಂದು ಪತ್ತೆ ಮಾಡಲು ನಮ್ಮ ಜನಕ್ಕೆ ಯಾವ ಮೆಷಿನ್ನೂ ಬೇಡ. ಗುಂಡಿನ ವಿಷಯ? ಅದನ್ನು ಒಬ್ಬರೂ ಎತ್ತುವುದಿಲ್ಲ.

ಮಕ್ಕಳೇ, ಕನ್ನಡ ಅಕ್ಷರ ನಿಮಗೆ ಬಾರದು, ಗೊತ್ತು. ಅಪ್ಪನಿಂದ ಓದಿಸಿಕೊಳ್ಳಿ. ಆಮೇಲೆ ಈ ಹಾಳೆಗಳನ್ನು ಹಳೇ ಪೇಪರಿನ ಜತೆ ತೂಕಕ್ಕೆ ಹಾಕಬೇಡಿ, ಜೋಪಾನವಾಗಿಡಿ. ನಾವಿಬ್ಬರೂ ಹೋದ ಮೇಲೆ ಆ ಗುಂಡು ಯಾರದೆಂದು ಕೇಳಲು ಒಬ್ಬರಾದರೂ ಬೇಡವೇ?