ಆರಲು ಬಿಡದ ಬೀಜ

ಕೋಟದ ಹತ್ತಿರ ಗೇರುಬೀಜ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ನಲವತ್ತು ಹೆಂಗಸರ ಮೇಲೆ ಕೂಗಾಡುವುದೇ ಕೆಲಸ ಎಂದುಕೊಂಡಿದ್ದ ಕಾಲ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಸಾಹುಕಾರರು ಬೀಜ ಹುರಿಯುವುದನ್ನು ಬಿಟ್ಟು ಹಬೆಯಲ್ಲಿ ಬೇಯಿಸಲು ಮನಸ್ಸು ಮಾಡಿದರು. ಬಸ್ರೂರಿನಲ್ಲಿ ಅವರ ಪರಿಚಯದವರ ಕಾರ್ಖಾನೆಗೆ ಆಗಲೇ ಬಾಯ್ಲರ್ ಬಂದಿತ್ತು. ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಯವರು ಚಾ ಕೊಟ್ಟು, ಮುಚ್ಚುಮರೆಯಿಲ್ಲದೆ ಎಲ್ಲ ತೋರಿಸಿದರು. ಹಬೆಯ ಒತ್ತಡ, ಬೇಯಿಸುವ ಹೊತ್ತು, ಬೀಜ ಕತ್ತರಿಸುವ ಯಂತ್ರದ ಅಲಗಿನ ಅಳತೆ ಎಲ್ಲ ಬರೆದುಕೊಂಡು ಬಂದೆ.

ಅದೇ ನಮೂನೆಯ ಬಾಯ್ಲರ್ ತರಿಸಿದೆವು. ಸೋಮವಾರ ಬೇಯಿಸಿದ ಬೀಜ ನೇರ ಕತ್ತರಿಸುವಲ್ಲಿಗೆ ಹೋಯಿತು. ತಿರುಳೆಲ್ಲ ಚೂರು! ಹಬೆ ಏರಿಸಿದೆ, ಇಳಿಸಿದೆ, ಅಲಗು ಬದಲಿಸಿದೆ. ಗುರುವಾರವೂ ಚೂರೇ.

"ಬಾಯ್ಲರ್ ಸರಿ ಇತ್ತ್. ಹೆಂಗ್ಸ್ರ ಕೈ ಸರಿ ಇಲ್ಲೆ," ಎಂದರು ಸಾಹುಕಾರರು. "ಶನಿವಾರ ಹತ್ತ್ ಜನ್ರನ್ನ ಮನಿಗ್ ಕಳ್ಸುದ್. ಹೆಸ್ರ್ ಬರ್ದ್ ಕೊಡ್."

ಬರೆಯದಿದ್ದರೆ ಹನ್ನೊಂದನೆಯ ಹೆಸರು ನನ್ನದೇ. ಬರೆದೆ. ಮೊದಲು ಬರೆದದ್ದು ಎಲ್ಲರಿಗಿಂತ ಹಿರಿಯ ಹೆಂಗಸಿನ ಹೆಸರು. ಮಾತು ಜಾಸ್ತಿ ಎಂದು ಕಾರಣವನ್ನೂ ಬರೆದೆ.

ಶುಕ್ರವಾರ ಬೆಳಿಗ್ಗೆ ಆಕೆಯೇ ಯಂತ್ರದ ಹಿಡಿ ಬಿಟ್ಟು ಎದ್ದು ನಿಂತಳು.

"ಹ್ವಾಯ್, ಬೇಯ್ಸಿದ್ ಬೀಜ ಒಂದ್ ದಿನ ಆರ್ಕ್. ಬಿಸಿ ಇಪ್ಪತಿಗೆ ಕತ್ರಿಸುಕಾಗ, ತಿರುಳ್ ಚೂರಾತ್ತ್. ನಾನ್ ಬಸ್ರೂರಗೆ ನಾಕ್ ವರ್ಷ ಇದೇ ಕೆಲ್ಸ ಮಾಡಿದ್ದೆ."

"ಮತ್ತೆಂತಕೆ ಹೇಳ್ಲಿಲ್ಲ?"

"ಸೋಮಾರವೇ ಹೇಳುಕ್ ಬಂದಿದ್ದೆ. ನೀವ್ ಬಾಯ್ ಮುಚ್ಚ್ ಅಂದ್ರಿ."

ಅಂದಿದ್ದೆ, ಹೌದು. ಬಸ್ರೂರಿನಲ್ಲಿ ನೆಲದ ಮೇಲೆ ಹರವಿದ್ದ ಬೀಜವನ್ನು ಕಂಡೂ, ದಾಸ್ತಾನು ಎಂದುಕೊಂಡು ದಾಟಿ ಬಂದಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಜಾಣ ನಾನು. ಆ ದಿನದ ಬೀಜವನ್ನು ಆರಲು ಹರವಿಸಿದೆ.

ಶನಿವಾರ ಒಡೆಯದ ಇಡಿ ತಿರುಳುಗಳು ಬಿದ್ದವು. ಸಾಹುಕಾರರು ಒಂದು ಹಿಡಿ ಎತ್ತಿ ನೋಡಿದರು. ಯಾರನ್ನೂ ಕಳಿಸುವುದು ಬೇಡವೆಂದರು. ಆಮೇಲೆ ಎಲ್ಲರ ಎದುರೇ ನನ್ನ ಬೆನ್ನು ತಟ್ಟಿ, "ಬಸ್ರೂರಗೆ ಕಂಡ್ಕಂಡ್ ಬಂದದ್ದ್ ಅಲ್ದಾ? ಅದ್ಕೇ ನಿನ್ನ ಕರ್ಕಂಡ್ ಹೋದ್ದ್!" ಎಂದರು.

ಆಕೆ ಮೂರು ಮಾರು ದೂರದಲ್ಲಿದ್ದಳು. ನಾನು "ಹೌದು" ಎಂದೆ. ಆ ಒಂದು ಶಬ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲೆ ಎಷ್ಟೋ ವರ್ಷ ಆಕೆ ನನ್ನ ಕೈಕೆಳಗೇ ದುಡಿದಳು. ಏನಾದರೂ ಕೆಟ್ಟಾಗ ನಾನೇ ಹೋಗಿ ಕೇಳುತ್ತಿದ್ದೆ. ಆಕೆ ತಲೆ ಎತ್ತದೆ, "ನಿಮ್ಗ್ ಗೊತ್ತಿತ್ತಲ್ದಾ?" ಎನ್ನುತ್ತಿದ್ದಳು.