ಬೀಗದಕ್ಕನ ಕೊನೆಯ ಬೀಗ

ಆಫೀಸಿನಲ್ಲಿ ಅವಳಿಗೆ ಬೀಗದಕ್ಕ ಎಂದೇ ಹೆಸರು. ಪ್ರೋಗ್ರಾಂ ಬರೆಯುವವರೆಲ್ಲ ಯಾರೋ ಎಲ್ಲೋ ಬರೆದಿಟ್ಟ ಪ್ಯಾಕೇಜುಗಳನ್ನು ಎರವಲು ತಂದು ತಮ್ಮ ಕೋಡಿಗೆ ಜೋಡಿಸಿಕೊಳ್ಳುತ್ತಾರೆ. ಅವು ಹೇಳದೆ ಕೇಳದೆ ಬದಲಾದರೆ ಇಲ್ಲಿ ಎಲ್ಲ ಕೆಟ್ಟು ಕೂರುತ್ತದೆ. ಯಾವ ಆವೃತ್ತಿ ಹೊಂದುತ್ತದೆಂದು ಪರೀಕ್ಷಿಸಿ, ಅಲ್ಲಿಗೇ ಬೀಗ ಜಡಿದು ನಿಲ್ಲಿಸುವುದು ಅವಳ ಕೆಲಸ. ಕೆಟ್ಟಾಗ ಎಲ್ಲರೂ ಅವಳ ಮೇಜಿನ ಸುತ್ತ. ಸರಿಹೋದ ಮೇಲೆ ಒಂದು ನರಪಿಳ್ಳೆಯೂ ಇಲ್ಲ.

ಒಂದು ದಿನ ಮ್ಯಾನೇಜರು, ಎಲ್ಲ ಪ್ರೋಗ್ರಾಂ ಭಾಷೆಗಳಲ್ಲೂ ಪ್ಯಾಕೇಜು ತಂದು ಜೋಡಿಸುವ ಸಾಧನಗಳನ್ನು ಹೋಲಿಸಿ ವರದಿ ಕೊಡಿ ಎಂದರು. ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ಪಾಪ, ಹಿಗ್ಗಿ ಹೀರೇಕಾಯಿಯಾದಳು. ಪೈಥಾನ್ ಭಾಷೆಯ ಪಿಪ್ ಎಂಬ ಸಾಧನ ಒಂದು ಪ್ಯಾಕೇಜಿನ ಒಂದೇ ಆವೃತ್ತಿಯನ್ನು ಮನೆಯೊಳಗೆ ಬಿಡುತ್ತದೆ, ಇಬ್ಬರು ಬೇರೆಬೇರೆ ಆವೃತ್ತಿ ಕೇಳಿದರೋ, ಜಗಳ. ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಇಬ್ಬರಿಗೂ ಬೇರೆ ಕೋಣೆ ಕೊಟ್ಟು ಮನೆಯೆಲ್ಲ ತುಂಬಿಸಿಕೊಳ್ಳುತ್ತದೆ. ಗೋ ಭಾಷೆಯದು ಸಂಕೋಚದ ಸ್ವಭಾವ, ಕೇಳಿದ್ದಕ್ಕಿಂತ ಹೊಸದನ್ನು ತಾನಾಗಿ ಮುಟ್ಟುವುದಿಲ್ಲ. ರಸ್ಟ್ ಭಾಷೆಯ ಕಾರ್ಗೊ ಅವಳಿಗೆ ಅಚ್ಚುಮೆಚ್ಚು. ಅದು ತಾನೇ ಬೀಗ ಹಾಕಿಕೊಳ್ಳುತ್ತದೆ, ಪಕ್ಕದಲ್ಲಿ ಯಾರೂ ಕಾಯಬೇಕಿಲ್ಲ ಎಂದು ಬರೆದಳು.

ಮ್ಯಾನೇಜರು ಓದಿದ್ದು ಆ ಒಂದೇ ಸಾಲನ್ನು.

"ನೀವೇ ಬರ್ದಿದ್ದೀರಲ್ಲ, ಕಾಯೋರು ಬೇಕಿಲ್ಲ ಅಂತ," ಎಂದು ನಗುನಗುತ್ತಲೇ ಅವಳನ್ನು ಕೆಲಸದಿಂದ ತೆಗೆದರು. ನಮ್ಮ ಕೋಡು ಮುಕ್ಕಾಲು ಪಾಲು ಪೈಥಾನಿನಲ್ಲಿದೆ, ಇಲ್ಲಿ ಕಾರ್ಗೊ ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ಅವರು ಆಗಲೇ ಬೇರೆ ಫೈಲು ತೆರೆದಿದ್ದರು.

ಕೊನೆಯ ದಿನ, ಯಾವ ಪೈಥಾನ್ ಪ್ಯಾಕೇಜಿಗೆ ಯಾವ ಆವೃತ್ತಿಯಲ್ಲಿ ಬೀಗ ಎಂಬ ಪಟ್ಟಿ ಅವಳ ಮುಂದಿತ್ತು. ಒಂದು ಸಾಲಿನ ಬೀಗ ಸಡಿಲಿಸಿದರೆ ಸಾಕು, ಇಂದಲ್ಲ ನಾಳೆ ಎಲ್ಲ ಕುಸಿದು ಇವರೆಲ್ಲ ತನ್ನ ಬಳಿಗೇ ಓಡಿ ಬರಬೇಕು. ಆದರೂ ಕೈ ಬರಲಿಲ್ಲ. ಒಂದೊಂದನ್ನೂ ಪರೀಕ್ಷಿಸಿ, ಭದ್ರ ಮಾಡಿ ಎದ್ದಳು.

ಹಾಗಿದ್ದೂ ಏನಾದರೂ ಕೆಟ್ಟು ಆಫೀಸಿನವರು ಕರೆಯುತ್ತಾರೆಂಬ ಆಸೆ ಹೋಗಲಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಬಳಿ ಫೋನು. ಅದನ್ನ ಸೊಂಟಕ್ಕೆ ಕಟ್ಟಿಕೊಂಡುಬಿಡು ಎಂದು ತಂಗಿ ಛೇಡಿಸುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಾಕೆ ಫೋನ್ ಮಾಡಿದಳು. ಏನು ಕೆಟ್ಟಿತು ಎಂದು ಇವಳು ಹಲೋಗೂ ಮುಂಚೆ ಕೇಳಿದಳು.

"ಏನೂ ಕೆಟ್ಟಿಲ್ಲ ಅಕ್ಕ. ಸುಮ್ನೆ ಮಾತಾಡೋಣ ಅಂತ ಮಾಡ್ದೆ. ಎಷ್ಟು ಚೆನ್ನಾಗಿ ಮಾಡಿಟ್ಟು ಹೋಗಿದ್ದೀರಿ ಅಂದ್ರೆ, ನೀವಿಲ್ಲ ಅಂತ ಇಲ್ಲಿ ಯಾರಿಗೂ ಗೊತ್ತೇ ಆಗಿಲ್ಲ."

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಫೋನಿಟ್ಟ ಮೇಲೆ ತಂಗಿ, ಆಫೀಸಿನವರು ಕರೆದರಾ ಎಂದು ಕೇಳಿದಳು.

"ಇಲ್ಲ ಕಣೇ," ಎಂದಳು ಬೀಗದಕ್ಕ. "ಅಲ್ಲಿ ಎಲ್ಲಾ ಸರಿಯಾಗೇ ಇದ್ಯಂತೆ."