ಸಾಹುಕಾರರ ಕಾರು ಕಂಪ್ಲಿಗೆ ಹೋದದ್ದು

2022ರ ಬೇಸಿಗೆ. ನಾನಾಗ ಹೊಸಪೇಟೆಯಲ್ಲಿ ವಾಹನ ಸರ್ವೇಯರ್ ಆಗಿದ್ದೆ. ಅಪಘಾತವಾದ ಗಾಡಿ ನೋಡಿ ನಷ್ಟ ಎಷ್ಟೆಂದು ವಿಮಾ ಕಂಪನಿಗೆ ವರದಿ ಕೊಡುವುದು, ಹಳೆಯ ಗಾಡಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ವರ್ಷಗಟ್ಟಲೆ ಅದಿರು ಲಾರಿಗಳ ಅಡಿಗೆ ತೂರಿ ತೂರಿ, ಏನನ್ನು ಕಂಡರೂ ಮೊದಲು ತುಕ್ಕು ಹುಡುಕುವ ಚಾಳಿ ಹತ್ತಿತ್ತು. ಮನುಷ್ಯರನ್ನೂ ನೀವು ಹಾಗೇ ನೋಡುತ್ತೀರಿ ಎಂದು ನನ್ನ ಹೆಂಡತಿ ಬೈಯುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ದಿನ ಸಂಡೂರಿನಿಂದ ನೀಲಮ್ಮನವರು ಕರೆಸಿದರು. ಅವರ ಯಜಮಾನರು ಯಶವಂತನಗರದ ಗಣಿಯಲ್ಲಿ ಲಾರಿ ಓಡಿಸುತ್ತ ಆರಂಭಿಸಿ, ಮುಂದೆ ತಾವೇ ಲಾರಿಗಳ ಮಾಲೀಕರಾದವರು, ಸುತ್ತಲಿನವರಿಗೆಲ್ಲ ಸಾಹುಕಾರರು. ಅವರು ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಆಸ್ತಿ ಪಾಲಾದಾಗ ಹೊಲ, ಲಾರಿಗಳು ಮಕ್ಕಳಿಗೆ ಹೋಗಿ, ಸಾಹುಕಾರರು ಜೀವದಂತೆ ನೋಡಿಕೊಂಡಿದ್ದ ಜರ್ಮನ್ ಸೆಡಾನ್ ನೀಲಮ್ಮನವರ ಪಾಲಿಗೆ ಬಂದಿತ್ತು. ಹದಿಮೂರು ವರ್ಷದ ಕಾರು. ಅದನ್ನು ಕಂಪ್ಲಿಯ ಒಂದು ಸಣ್ಣ ಟ್ರಸ್ಟಿಗೆ ದಾನ ಕೊಡಬೇಕೆಂದು ಅವರ ಆಸೆ.

ಆ ಟ್ರಸ್ಟು ಸುತ್ತಲ ಹಳ್ಳಿಗಳ ಡಯಾಲಿಸಿಸ್ ರೋಗಿಗಳನ್ನು ಹೊಸಪೇಟೆಯ ಆಸ್ಪತ್ರೆಗೆ ಪುಕ್ಕಟೆ ಕರೆದೊಯ್ಯುತ್ತಿತ್ತು. ಕಿಡ್ನಿ ಕೆಟ್ಟವರಿಗೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವುದು ವಾರವಾರವೂ ತಪ್ಪಬಾರದು. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಿಗೇ ಸಂಚಕಾರ. ಟ್ರಸ್ಟಿಗಿದ್ದ ಒಂದೇ ವ್ಯಾನಿನ ಎಂಜಿನ್ ಕೈಕೊಟ್ಟಿತ್ತು. ಬಸ್ಸಿನ ನೂಕುನುಗ್ಗಲಿಗೆ ಹೆದರಿ ಕೆಲವರು ಆಗಲೇ ಸರದಿ ತಪ್ಪಿಸತೊಡಗಿದ್ದರು.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ನನ್ನ ಹೊಟ್ಟೆಪಾಡೇ ಹಲ್ಲು ಎಣಿಸುವುದು. ಷೆಡ್ಡಿನಲ್ಲಿ ಕಾರು ನೋಡಿದೆ. ಊರೆಲ್ಲ ಅದಿರಿನ ಕೆಂಧೂಳು ಮೆತ್ತಿಕೊಂಡಿದ್ದರೆ ಅದು ಮಾತ್ರ ಥಳಥಳ ಹೊಳೆಯುತ್ತಿತ್ತು. ಡ್ಯಾಷ್‌ಬೋರ್ಡಿನ ಮೇಲೆ ಸಾಹುಕಾರರ ಫೋಟೋ, ಅದಕ್ಕೆ ಮಲ್ಲಿಗೆ ಮಾಲೆ, ಕುಂಕುಮ, ಪಕ್ಕದಲ್ಲಿ ಊದುಬತ್ತಿ. ಎಂಜಿನ್ ಗಟ್ಟಿಯಾಗಿತ್ತು. ಆದರೆ ಬಿಡಿಭಾಗಗಳು ಬೆಂಗಳೂರಿನಿಂದಲೇ ಬರಬೇಕು. ಅದರ ಒಂದು ರಿಪೇರಿಗೆ ಟ್ರಸ್ಟಿನ ಗಂಟೆಲ್ಲ ಕರಗುತ್ತದೆ.

"ಅಮ್ಮಾರ, ಇದನ್ನ ಮಾರಿ ಒಂದು ವ್ಯಾನ್ ಕೊಡ್ಸ್ರಿ," ಎಂದೆ.

"ದಾನ ಅಂತ ಮನಸಿನ್ಯಾಗ ನೆನೆಸಿದ್ದನ್ನ ಮಾರಂಗಿಲ್ರಿ. ಯಜಮಾನ್ರು ಕುಂತ ಸೀಟಿನ್ಯಾಗ ಬಡವ್ರು ಆರಾಮ ಕುಂತು ಹೋಗ್ಲಿ."

ಟ್ರಸ್ಟ್ ನಡೆಸುತ್ತಿದ್ದ ರುದ್ರೇಶ್ ಕೂಡ ಅಲ್ಲಿಗೆ ಬಂದಿದ್ದ. ನನ್ನನ್ನು ಪಕ್ಕಕ್ಕೆ ಕರೆದು, "ಬಂದ ಲಕ್ಷ್ಮೀನ್ನ ಬ್ಯಾಡ ಅನ್ನಾಕ ಬಾಯಿ ಬರವಲ್ದು ಸರ್," ಎಂದು ಕೈಚೆಲ್ಲಿದ. ಸತ್ತವರ ಹೆಸರಿನ ಗಾಡಿಯನ್ನು ನೇರವಾಗಿ ದಾನ ಕೊಡಲು ಬರುವುದಿಲ್ಲ. ನೋಂದಣಿ, ವಿಮೆ ಎರಡೂ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅದನ್ನು ಮಾಡಿಸಿಕೊಟ್ಟೆ. ಟ್ರಸ್ಟಿನ ಹೆಸರಿಗೆ ಬರೆಯುವ ಮೊದಲು, ಮೊದಲ ಪ್ರಯಾಣಕ್ಕೆ ತಾವೂ ಬರುವುದಾಗಿ ನೀಲಮ್ಮ ಹಟ ಹಿಡಿದರು. ಬಿಸಿಲಲ್ಲಿ ನಿಮಗ್ಯಾಕೆ ತೊಂದರೆ ಎಂದರೆ, "ಬಿಟ್ಟು ಕೈ ತೊಳ್ಕೊಳ್ಳಾಕ ಇದೇನು ಪಿಂಡ ಏನ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಆ ದಿನ ಸರದಿ ಇದ್ದದ್ದು ಹುಲಿಗೆಮ್ಮ ಎಂಬ ಭತ್ತ ನಾಟಿ ಮಾಡುವ ಹೆಂಗಸಿಗೆ. ಕಂಪ್ಲಿಯ ಕಾಲುವೆ ದಂಡೆಯಲ್ಲಿ ಕಾಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ನೀಲಮ್ಮನ ಪಕ್ಕ, ಅಂಚಿಗೆ ಅಂಟಿಕೊಂಡಂತೆ ಕೂತಳು. ನಾನು ಡ್ರೈವರ್ ಪಕ್ಕ. ಒಂದೊಂದು ರಸ್ತೆ ಉಬ್ಬಿಗೂ ಕಾರಿನ ಹೊಟ್ಟೆ ಉಜ್ಜುವಾಗ ನನ್ನ ಹೊಟ್ಟೆಯೇ ಉಜ್ಜಿದಂತಾಗುತ್ತಿತ್ತು. ಕಮಲಾಪುರ ದಾಟಿದರೂ ಹುಲಿಗೆಮ್ಮ ಬೆನ್ನು ಒರಗಿಸಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಆ ತಗ್ಗು ಸೀಟಿನಿಂದ ಏಳಲು ಅವಳಿಗೆ ಆಗಲಿಲ್ಲ. ನೀಲಮ್ಮನೇ ಸುತ್ತಿ ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಕಾದ ಸಿಮೆಂಟಿಗೆ ಕಾಲಿಟ್ಟವಳೇ ಹುಲಿಗೆಮ್ಮ ಕುಣಿದಂತೆ ಕಾಲು ಎತ್ತಿ ಎತ್ತಿ ಇಟ್ಟಳು. ಬರಿಗಾಲು.

"ಚಪ್ಲಿ ಎಲ್ಲವ?" ನೀಲಮ್ಮ ಕೇಳಿದರು.

"ಕಂಪ್ಲ್ಯಾಗ ದಂಡೀಮ್ಯಾಲೆ ಬಿಟ್ಟು ಬಂದೀನ್ರಿ ಅವ್ವಾ. ಸಾಹುಕಾರ್ರ ಫೋಟೋಕ್ಕ ಹೂವು ಹಾಕೀರಿ, ಊದುಬತ್ತಿ ಹಚ್ಚೀರಿ. ಚಪ್ಲಿ ಹಾಕ್ಕೊಂಡು ಹೆಂಗ ಹತ್ತಲಿ?"

ನೀಲಮ್ಮ ತಮ್ಮ ಚಪ್ಪಲಿ ಕಳಚಿ ಅವಳ ಮುಂದಿಟ್ಟರು. ಹುಲಿಗೆಮ್ಮ ಹಿಂದೆ ಸರಿದಳು. "ಹಾಕ್ಕೋ ಅಂದ್ರ ಹಾಕ್ಕೋ," ಎಂದು ಗದರಿಸಿ ಹಾಕಿಸಿದರು. ಸಂಡೂರಿನ ಸಾಹುಕಾರರ ಹೆಂಡತಿ ಬರಿಗಾಲಲ್ಲಿ ಆ ಅಂಗಳ ದಾಟಿ, ಡಯಾಲಿಸಿಸ್ ಮುಗಿಯುವತನಕ ವರಾಂಡದ ಬೆಂಚಿನ ಮೇಲೆ ಕೂತರು.

ವಾಪಸ್ ಬರುವಾಗ ಹುಲಿಗೆಮ್ಮನಿಗೆ ಹೊಟ್ಟೆ ತೊಳಸಿತು. ಡಯಾಲಿಸಿಸ್ ಮುಗಿದ ಮೇಲೆ ಕೆಲವರಿಗೆ ಹಾಗಾಗುವುದುಂಟು. ಗಾಡಿ ನಿಲ್ಲಿಸು ಎನ್ನಲಿಲ್ಲ, ಗಾಜು ಇಳಿಸಿ ಎನ್ನಲಿಲ್ಲ. ತನ್ನ ಸೆರಗನ್ನೇ ಬಾಯಿಗೊಡ್ಡಿಕೊಂಡು ಅದರಲ್ಲೇ ವಾಂತಿ ಮಾಡಿಕೊಂಡು ಮಡಚಿ ಹಿಡಿದಳು. ಯಾಕವ್ವ ಹಿಂಗ ಮಾಡಿದಿ ಎಂದು ನಾನು ತಿರುಗಿ ಕೇಳಿದರೆ, "ಸೀಟು ಹೊಲಸಾಗ್ತಿತ್ತಲ್ರಿ," ಎಂದಳು. ನೀಲಮ್ಮ ತಮ್ಮ ರೇಷ್ಮೆ ಸೆರಗಿನಿಂದ ಅವಳ ಬಾಯಿ ಒರೆಸಿದರು. ನಾನು ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಕಣ್ಣು ತುಂಬಿತ್ತು.

ಕಂಪ್ಲಿಯಲ್ಲಿ ಹುಲಿಗೆಮ್ಮನನ್ನು ಇಳಿಸಿದ ಮೇಲೆ ನೀಲಮ್ಮ ಮುಂದೆ ಬಗ್ಗಿ ಫೋಟೋ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮಾರ್ರಿ ಇದನ್ನ," ಎಂದರು.

"ದಾನ ಅಂತ ನೆನೆಸಿದ್ದನ್ನ ಮಾರಂಗಿಲ್ಲ ಅಂದಿದ್ರಿ..."

"ಅಂದಿದ್ದೆ. ಅವರು ಲಾರಿ ಹೊಡೆದು ಮ್ಯಾಲೆ ಬಂದವ್ರು. ಇವತ್ತು ಇಲ್ಲಿ ಇದ್ದಿದ್ರ ಮೊದಲು ನನ್ನ ಬೈತಿದ್ರು."

ಗಂಡ ಬಿಟ್ಟುಹೋದ ಪ್ರೀತಿಯ ವಸ್ತು, ಮನಸ್ಸಿನಲ್ಲಿ ಹೊತ್ತ ಸಂಕಲ್ಪ. ಎರಡನ್ನೂ ಒಬ್ಬ ಕೂಲಿ ಹೆಂಗಸಿನ ಕಾಲು ಸುಟ್ಟಿತೆಂದು ಅರ್ಧ ದಿನದಲ್ಲಿ ಬಿಟ್ಟುಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಈ ವೃತ್ತಿ ನನಗೆ ಬೆಲೆ ಕಟ್ಟುವುದನ್ನು ಕಲಿಸಿತ್ತು. ಕೊಡುವುದನ್ನು ಕೊಡುವ ಮೊದಲು, ಪಡೆಯುವವರ ಪಕ್ಕ ಕೂತು ಒಮ್ಮೆ ಹೋಗಿಬರಬೇಕೆಂದು ಕಲಿತದ್ದು ಆ ಕಾರಿನಲ್ಲಿ. ಈಗ ಯಾರಾದರೂ ದಾನದ ಗಾಡಿ ತೋರಿಸಿದರೆ ಬಾನೆಟ್ ಎತ್ತುವುದು ಆಮೇಲೆ. ಮೊದಲು ಹಿಂದಿನ ಸೀಟಿನಲ್ಲಿ ಕೂತು ಎದ್ದು ನೋಡುತ್ತೇನೆ.

ಕಾರು ಬಳ್ಳಾರಿಯ ಒಬ್ಬರಿಗೆ ಹೋಯಿತು. ಬಂದದ್ದಕ್ಕೆ ನೀಲಮ್ಮ ತಮ್ಮ ಕೈಯಿಂದ ಇನ್ನಷ್ಟು ಹಾಕಿ ಗಟ್ಟಿಮುಟ್ಟಾದ ಒಂದು ವ್ಯಾನ್ ಕೊಡಿಸಿದರು. ಬಾಗಿಲ ಬಳಿ ತಗ್ಗಿಗೊಂದು ಮೆಟ್ಟಿಲು ಬೆಸುಗೆ ಹಾಕಿಸಿದರು, ಸೀಟುಗಳಿಗೆ ತೊಳೆಯಲು ಬರುವ ರೆಕ್ಸಿನ್ ಹಾಕಿಸಿದರು. ವ್ಯಾನಿನ ಪಕ್ಕೆಯ ಮೇಲೆ ಸಾಹುಕಾರರ ಹೆಸರು ದೊಡ್ಡದಾಗಿ ಬರೆಸಬೇಕೆಂದು ರುದ್ರೇಶ್ ಪೇಂಟರನ್ನು ಕರೆದುಕೊಂಡು ಬಂದಿದ್ದ. ನೀಲಮ್ಮ ಕೈ ಅಡ್ಡ ಹಿಡಿದರು.

"ಅವರ ಹೆಸರು ಬ್ಯಾಡ. ಬರೆದ್ರ ಅಕಿ ಮತ್ತ ಬರಿಗಾಲಾಗ ಹತ್ತತಾಳ."